ಸತ್ತ ಎಮ್ಮೆಯ ಹತ್ತು ಸೇರು ಹಾಲು

2019ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಒಂದು ಕಂಪನಿ ಒಂದು ಲಾಂಛನ ಬಿಡುಗಡೆ ಮಾಡಿತು. ಬರೀ ಲಾಂಛನ. ಆಟ ಇರಲಿಲ್ಲ, ಗೊಂಬೆ ಇರಲಿಲ್ಲ, ನಿಯಮಪುಸ್ತಕ ಇರಲಿಲ್ಲ, ಬೆಲೆಯಂತೂ ಇರಲೇ ಇಲ್ಲ. ಇವೆಲ್ಲ ಬರಲು ಇನ್ನೂ ವರ್ಷಗಳೇ ಬೇಕು ಎಂದು ಅದೇ ಪ್ರಕಟಣೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿತ್ತು. ದೇಶದೇಶಗಳಲ್ಲಿ ಗಡ್ಡ ನೆರೆತ ಗಂಡಸರು ಆ ಲಾಂಛನ ನೋಡಿ ಗದ್ಗದಿತರಾದರು. ಅಟ್ಟದ ಮೇಲಿನ ಪೆಟ್ಟಿಗೆಗಳ ಧೂಳು ಕೊಡವಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನಾವು ಆಡಿಕೊಂಡು ನಗುತ್ತೇವೆ. ಇಲ್ಲಿಯ ಕೂಸು ಇನ್ನೂ ವಿಶೇಷ. ಅದು ಒಮ್ಮೆ ಹುಟ್ಟಿ, 32 ವರ್ಷ ಬದುಕಿ, ಹೆತ್ತವರ ಕೈಯಲ್ಲೇ ಪ್ರಾಣ ಬಿಟ್ಟದ್ದು. ಈಗ ಹೊಲಿಸುತ್ತಿದ್ದದ್ದು ಪುನರ್ಜನ್ಮದ ಕುಲಾವಿ.

ಕೂಸಿನ ಹೆಸರು ವಾರ್‌ಹ್ಯಾಮರ್, ಹೆತ್ತವರು ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಸೇರಿ ಕಟ್ಟಿದ ಕಂಪನಿ ಅದು. 1983ರಲ್ಲಿ ವಾರ್‌ಹ್ಯಾಮರ್ ಬಂತು. ಊಟದ ಮೇಜಿನಷ್ಟು ದೊಡ್ಡ ರಣರಂಗ, ಆ ಕಡೆ ಈ ಕಡೆ ಹೆಬ್ಬೆರಳೆತ್ತರದ ಸೈನಿಕರು, ಅಳೆಯಲು ಟೇಪು, ಹಣೆಬರಹಕ್ಕೆ ದಾಳ. ಕುದುರೆಯೇರಿದ ನೈಟ್‌ಗಳು, ಹಸಿರು ಓರ್ಕ್‌ಗಳು, ಮುನಿಸಿಕೊಂಡ ಕುಳ್ಳರು, ಗೋರಿಯಿಂದ ಎದ್ದ ಅಸ್ಥಿಪಂಜರದ ಅರಸರು, ಕೋಲು ಹಿಡಿದ ಇಲಿಮನುಷ್ಯರು ಎಲ್ಲರೂ ಈ ಲೋಕದಲ್ಲಿದ್ದಾರೆ. ಆಟಿಕೆ ಸೈನಿಕರನ್ನಿಟ್ಟು ದೊಡ್ಡವರು ಕಾದಾಡುವುದು ಹೊಸದೇನಲ್ಲ. ಎಚ್. ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಎಂಬ ಸಣ್ಣ ಪುಸ್ತಕ ಬರೆದು, ಸ್ಪ್ರಿಂಗ್ ತೋಪುಗಳಿಂದ ಗೊಂಬೆಗಳನ್ನು ಉರುಳಿಸುವ ನಿಯಮಗಳನ್ನೆಲ್ಲ ಅದೊಂದರಲ್ಲೇ ಮುಗಿಸಿದ್ದ. ಮರುವರ್ಷವೇ ಯುರೋಪಿನ ದೊರೆಗಳು ಅದೇ ಆಟವನ್ನು ನಿಜವಾದ ಮನುಷ್ಯರನ್ನಿಟ್ಟು ಆಡಿದರು. ಆ ಲೆಕ್ಕ ಬೇರೆ.

ವೆಲ್ಸ್‌ಗೆ ಹೊಳೆಯದ ಸಂಗತಿಯೊಂದು ನಾಟಿಂಗ್‌ಹ್ಯಾಮ್‌ನವರಿಗೆ ಹೊಳೆಯಿತು. ಗೊಂಬೆಯನ್ನು ಗೊಂಬೆಯಾಗಿ ಮಾರಬಾರದು, ಬಿಡಿಭಾಗಗಳಾಗಿ ಮಾರಬೇಕು. ಪೆಟ್ಟಿಗೆ ತೆರೆದರೆ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟು. ಅದರಲ್ಲಿ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ, ರುಂಡ ಮತ್ತೆಲ್ಲೋ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಈ ಖಯಾಲಿ. ಅವನ ಮನೆಗೆ ಇಂಥ ಪೆಟ್ಟಿಗೆ ಬಂದ ದಿನ ಮೈಸೂರಿನಿಂದ ಅವನ ತಾಯಿಯೂ ಬಂದಿದ್ದರು.

“ಏನೋ ಇದು, ಇಷ್ಟು ದುಡ್ಡು ಕೊಟ್ಟು ಮುರಿದುಹೋಗಿರೋದನ್ನ ತರಿಸಿದೀಯಲ್ಲೋ?”

“ಮುರಿದಿಲ್ಲಮ್ಮ. ನಾವೇ ಕತ್ತರಿಸಿ ಅಂಟಿಸ್ಬೇಕು.”

“ಅಂಟು ಕೊಟ್ಟಿದಾನಾ?”

“ಇಲ್ಲ, ಅದು ಬೇರೆ ತಗೋಬೇಕು.”

“ಬಣ್ಣ ಯಾರು ಹಚ್ತಾರೆ?”

“ನಾನೇ.”

“ಮತ್ತೆ ಅವನೇನು ಮಾಡ್ದ?”

ಎಂಬಿಎ ಓದಿದವರು ಎರಡು ವರ್ಷ ಕೂತು ಬಿಡಿಸುವ ಪ್ರಶ್ನೆ ಇದು. ಅವನು ಮಾಡಿದ್ದಿಷ್ಟು: ಕಾರ್ಖಾನೆಯ ಕೂಲಿಯನ್ನು ಗಿರಾಕಿಯ ಮೇಲೆ ಹೊರಿಸಿ, ಆ ಕೂಲಿಗೆ ಹವ್ಯಾಸ ಎಂದು ಹೆಸರಿಟ್ಟು, ಅದಕ್ಕೂ ದುಡ್ಡು ತೆಗೆದುಕೊಂಡ. ನೂರು ಸೈನಿಕರ ನೂರು ಮೂಗಿಗೆ ರಾತ್ರಿ ಹನ್ನೆರಡರವರೆಗೆ ಬಣ್ಣ ಹಚ್ಚುವವನು ಕಂಪನಿಯ ಸಂಬಳದ ಪಟ್ಟಿಯಲ್ಲಿ ಇಲ್ಲ. ಬಣ್ಣವೂ ಅವರದೇ, ಕುಂಚವೂ ಅವರದೇ. ಆಳ ನೆರಳು ಕೊಡುವ ಬಣ್ಣವೊಂದು 24 ಮಿಲಿಲೀಟರ್ ಡಬ್ಬಿಯಲ್ಲಿ ಬರುತ್ತಿತ್ತು. ಒಂದು ದಿನ ಅದು 18 ಮಿಲಿಲೀಟರ್ ಆಯಿತು. ಹಣದ ಕಡೆ ಮಾತ್ರ ಅಂಥ ಇಳಿತ ಯಾರ ಕಣ್ಣಿಗೂ ಬೀಳಲಿಲ್ಲ.

ಇಷ್ಟು ಒಳ್ಳೆಯ ವ್ಯಾಪಾರ ಸತ್ತದ್ದಾದರೂ ಹೇಗೆ? ಅತಿಯಾಸೆಯಿಂದ. 2010ರಲ್ಲಿ ಬಂದ ನಿಯಮಗಳ ಎಂಟನೆಯ ಆವೃತ್ತಿ ಸಾಲಿನಲ್ಲಿ ಹತ್ತು ಜನ ನಿಂತ ದಂಡಿಗೆ ವಿಶೇಷ ಬಲ ಕೊಟ್ಟಿತು. ಹತ್ತು ಜನರ ಸಾಲು ಎಂದರೆ ಹಿಂದೆ ಮತ್ತೆ ಮೂರೋ ನಾಲ್ಕೋ ಸಾಲು ಬೇಕು. ಒಂದೊಂದು ದಂಡಿಗೂ ನಲವತ್ತು ಐವತ್ತು ಗೊಂಬೆ. ಬಹಳಷ್ಟು ಪೆಟ್ಟಿಗೆಗಳಲ್ಲಿ ಇರುತ್ತಿದ್ದದ್ದು ಹತ್ತು. ತೀರ ಹಿಂದಿನ ಸಾಲಿನವನು ಕತ್ತಿ ಬೀಸುವುದಿಲ್ಲ, ಮುಂದಿನವನು ಸತ್ತಾಗ ಅವನ ಜಾಗಕ್ಕೆ ಬರುತ್ತಾನೆ ಅಷ್ಟೆ. ಆದರೂ ಅವನಿಗೂ ಅದೇ ಬೆಲೆ, ಅವನ ಬೆಲ್ಟಿಗೂ ಬಣ್ಣ. ಹೊಸಬ ಅಂಗಡಿಗೆ ಬಂದು ಲೆಕ್ಕ ಕೇಳಿ ತಿರುಗಿ ನೋಡದೆ ಹೋದ. ಹಳಬನ ಬಳಿ ಸೈನ್ಯ ಆಗಲೇ ಇತ್ತು, ಅವನು ಕೊಳ್ಳಲಿಲ್ಲ. ಇದರ ನಡುವೆ 2011ರಲ್ಲಿ ಲೋಹದ ಗೊಂಬೆಗಳ ಬದಲು ಫೈನ್‌ಕಾಸ್ಟ್ ಎಂಬ ರೆಸಿನ್ ಗೊಂಬೆಗಳು ಬಂದವು. ಲೋಹ ಹೋಗಿ ರೆಸಿನ್ ಬಂದರೆ ಬೆಲೆ ಇಳಿಯಬೇಕಲ್ಲ ಎಂದು ಕಾದವರಿಗೆ ಗುಳ್ಳೆಗಳು ಸಿಕ್ಕವು. ವೀರನ ಮೂಗಿನಲ್ಲಿ ತೂತು, ಡ್ರ್ಯಾಗನ್ನಿನ ರೆಕ್ಕೆಯಲ್ಲಿ ತೂತು. ಮಾರುಕಟ್ಟೆ ಏನು ಬಯಸುತ್ತದೆ ಎಂದು ತಾವು ಕೇಳುವುದೇ ಇಲ್ಲ ಎಂದು ಕಂಪನಿಯ ಅಂದಿನ ಅಧ್ಯಕ್ಷ ಟಾಮ್ ಕರ್ಬಿ 2014ರ ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದಲೇ ಬರೆದುಕೊಂಡಿದ್ದರು. ಕೇಳದೆ ಇದ್ದದ್ದು ಆರೋಗ್ಯಕ್ಕೆ ಒಳ್ಳೆಯದೇ ಆಯಿತು. ಕೇಳಿದ್ದರೆ ಬೈಗುಳ ಬೀಳುತ್ತಿತ್ತು.

ಆಮೇಲೆ ಕಂಪನಿಗೆ ದಿವ್ಯಜ್ಞಾನವಾಯಿತು. ಆಟ ಓಡುತ್ತಿಲ್ಲವೇ? ಲೋಕವನ್ನೇ ಮುಗಿಸಿಬಿಡೋಣ. 2014ರಿಂದ 2015ರವರೆಗೆ ‘ಎಂಡ್ ಟೈಮ್ಸ್’ ಎಂಬ ದಪ್ಪ ದಪ್ಪ ಪುಸ್ತಕಗಳ ಸರಣಿ ಬಂತು. ಮೂವತ್ತು ವರ್ಷ ಕಟ್ಟಿದ ನಕ್ಷೆ, ನಗರ, ವಂಶಾವಳಿ ಎಲ್ಲವೂ ಪ್ರಳಯಕ್ಕೆ ಹೋಯಿತು. ಪ್ರಳಯದ ಪುಸ್ತಕಗಳು ಚೆನ್ನಾಗಿಯೇ ಮಾರಾಟವಾದವು. ತಮ್ಮ ಶ್ರಾದ್ಧದ ಊಟಕ್ಕೆ ತಾವೇ ಮುಂಗಡ ಕೊಟ್ಟು ಎಲೆ ಕಾಯ್ದಿರಿಸಿಕೊಳ್ಳುವ ಸೌಭಾಗ್ಯ ಎಷ್ಟು ಜನರಿಗುಂಟು?

2015ರ ಜುಲೈನಲ್ಲಿ ‘ಏಜ್ ಆಫ್ ಸಿಗ್ಮಾರ್’ ಬಂತು. ನೂರಾರು ಪುಟದ ನಿಯಮಪುಸ್ತಕದ ಜಾಗದಲ್ಲಿ ನಾಲ್ಕು ಪುಟ, ಅದೂ ಉಚಿತ. ಉಚಿತ ಎಂಬ ಶಬ್ದ ಆ ಕಂಪನಿಯ ಬಾಯಲ್ಲಿ ಕೇಳಿಯೇ ಜನ ಗಾಬರಿಯಾಗಬೇಕಿತ್ತು. ಯಾವ ದಂಡಿಗೆ ಎಷ್ಟು ಅಂಕ ಎಂಬುದೇ ಇರಲಿಲ್ಲ. ನಿಮ್ಮ ಬಳಿ ಇರುವುದನ್ನೆಲ್ಲ ಮೇಜಿನ ಮೇಲಿಡಿ ಎಂಬ ಧಾರಾಳ. ಹಳೆಯ ಸೈನ್ಯಗಳಿಗೆ ಕೊಟ್ಟ ನಿಯಮಗಳಲ್ಲಿ ಇನ್ನೊಂದು ತಮಾಷೆ: ಎದುರಾಳಿಗಿಂತ ನಿಮ್ಮ ಮೀಸೆ ಭರ್ಜರಿಯಾಗಿದ್ದರೆ ನಿಮ್ಮ ಸೇನಾಪತಿಗೆ ದಾಳವನ್ನು ಮತ್ತೊಮ್ಮೆ ಉರುಳಿಸುವ ಹಕ್ಕು. ತಮಾಷೆಯಲ್ಲ, ಅಧಿಕೃತ ನಿಯಮ. ಹತ್ತು ವರ್ಷ ಕೂತು ಯುದ್ಧತಂತ್ರ ಕಲಿತವನು ಮೀಸೆಗೆ ಎಣ್ಣೆ ಹಚ್ಚುವುದನ್ನು ಕಲಿಯಬೇಕಾಯಿತು. ಕಾಲಡಿಯ ಚೌಕದ ಬೇಸ್‌ಗಳ ಮೇಲೆ ಸಾಲಾಗಿ ನಿಂತಿದ್ದವರನ್ನು ದುಂಡು ಬೇಸ್‌ಗಳ ಮೇಲೆ ಚೆಲ್ಲಾಪಿಲ್ಲಿ ನಿಲ್ಲಿಸಿದರು. ನೈಟ್‌ಗಳ ಬ್ರೆಟೋನಿಯಾ, ಅಸ್ಥಿಪಂಜರಗಳ ಖೆಮ್ರಿ, ಎರಡೂ ಸೈನ್ಯಗಳನ್ನು ಸ್ವಲ್ಪ ಕಾಲದಲ್ಲೇ ಮಾರಾಟದಿಂದ ತೆಗೆದುಬಿಟ್ಟರು. ಒಬ್ಬ ಅಭಿಮಾನಿ ಸಿಟ್ಟಿಗೆದ್ದು ತನ್ನ ಡಾರ್ಕ್ ಎಲ್ಫ್ ಸೈನ್ಯವನ್ನು ಕ್ಯಾಮೆರಾ ಮುಂದೆ ಸುಟ್ಟುಹಾಕಿದ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಲೋಕ ಮುಳುಗಿ ಒಂದು ವರ್ಷ ಕಳೆಯಿತು. 2016ರ ಮೇ ತಿಂಗಳಲ್ಲಿ ‘ಟೋಟಲ್ ವಾರ್: ವಾರ್‌ಹ್ಯಾಮರ್’ ಎಂಬ ಕಂಪ್ಯೂಟರ್ ಆಟ ಹೊರಬಂತು. ಅದರಲ್ಲಿದ್ದದ್ದು ಆಗಷ್ಟೇ ಬೂದಿಯಾದ ಅದೇ ಹಳೆಯ ಲೋಕ! ಗೊಂಬೆ ಮುಟ್ಟಿಯೂ ನೋಡದ ಹುಡುಗರು ಲಕ್ಷಗಟ್ಟಲೆ ಬಂದು, ಕಾರ್ಲ್ ಫ್ರಾನ್ಜ್ ಚಕ್ರವರ್ತಿಗೆ ಜೈ ಎಂದು, ಅಂಗಡಿಗೆ ಹೋಗಿ ಈ ಸೈನ್ಯ ಕೊಡಿ ಎಂದು ಕೇಳಿದರು. ಅಂಗಡಿಯವರು ಅದು ಈಗಷ್ಟೇ ತೀರಿಕೊಂಡಿತಲ್ಲ ಎಂದು ಕೈಮುಗಿಯಬೇಕಾಯಿತು. ಇತ್ತ ಹಳೆಯ ಪೆಟ್ಟಿಗೆಗಳ ಬೆಲೆ ಹರಾಜಿನ ತಾಣಗಳಲ್ಲಿ ಏರತೊಡಗಿತು. ಓಡುವಾಗ ಯಾರೂ ಕೊಳ್ಳದ ನೈಟ್‌ಗಳಿಗೆ ಸತ್ತ ಮೇಲೆ ಗಿರಾಕಿ. ಸತ್ತ ಎಮ್ಮೆ ಹತ್ತು ಸೇರು ಹಾಲು ಕರೆಯುತ್ತಿತ್ತು ಎನ್ನುತ್ತಾರಲ್ಲ, ನಮ್ಮಲ್ಲಿ ಅದು ಗೇಲಿಯ ಮಾತು. ನಾಟಿಂಗ್‌ಹ್ಯಾಮ್‌ನಲ್ಲಿ ಅದನ್ನೇ ಯೋಜನೆ ಮಾಡಿಕೊಂಡರು.

ಹೀಗೆ ಬಂತು ಆ ಲಾಂಛನ. ಹೊಸ ಆಟದ ಹೆಸರು ‘ದಿ ಓಲ್ಡ್ ವರ್ಲ್ಡ್’. ಹಳೆಯದು ಎಂದು ಹಣೆಯ ಮೇಲೆ ಬರೆದುಕೊಂಡೇ ಹೊಸದಾಗಿ ಬಂದ ಸರಕು ಇದು, ಮೋಸವೇನೂ ಇಲ್ಲ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಾಯಿಸಿದರು. ನಡುನಡುವೆ ಒಂದು ನಕ್ಷೆ, ಒಂದು ರೇಖಾಚಿತ್ರ, ಯಾವುದೋ ಗುರಾಣಿಯ ಮೇಲಿನ ಚಿಹ್ನೆ. ಒಂದೊಂದು ತುಣುಕಿಗೂ ಗೆಳೆಯ ಫೋನ್ ಮಾಡುತ್ತಿದ್ದ. “ನೋಡಿದ್ಯಾ? ಸಾಲು ಸಾಲಾಗಿ ನಿಂತಿದಾರೆ. ಅಂದ್ರೆ ಚೌಕದ ಬೇಸು ವಾಪಸ್ ಬರುತ್ತೆ!” ಬೆಲೆ ಎಷ್ಟಿರಬಹುದು ಎಂದು ಕೇಳಿದರೆ ಅವನ ದನಿ ಇಳಿಯುತ್ತಿತ್ತು. ಎಕ್ಸೆಲ್ ಹಾಳೆಯಲ್ಲಿ ಮೂರು ಅಂಕಣ ಮಾಡಿಟ್ಟಿದ್ದ: ಇಷ್ಟಾದರೆ ಕೊಳ್ಳುತ್ತೇನೆ, ಇಷ್ಟಾದರೆ ಬೈದುಕೊಂಡು ಕೊಳ್ಳುತ್ತೇನೆ, ಇಷ್ಟಾದರೆ ಮನೆಯಲ್ಲಿ ಹೇಳದೆ ಕೊಳ್ಳುತ್ತೇನೆ. ಕೊಳ್ಳುವುದಿಲ್ಲ ಎಂಬ ಅಂಕಣ ಎಲ್ಲಿ ಎಂದರೆ, ಅದು ಎರಡನೆಯ ಹಾಳೆಯಲ್ಲಿದೆ ಎಂದ. ಆ ಹಾಳೆ ಖಾಲಿ.

ನನಗೆ ಹೊಳೆದದ್ದು ಆಗ. ಕಂಪನಿ ಮಾರುವುದು ಪ್ಲಾಸ್ಟಿಕ್ಕನ್ನಲ್ಲ. ಕಾಯುವುದನ್ನು ಮಾರುತ್ತದೆ. ಗೊಂಬೆಗೆ ಅಚ್ಚು ಬೇಕು, ಕಾರ್ಖಾನೆ ಬೇಕು, ಲಾರಿ ಬೇಕು. ಕಾಯಿಸುವುದಕ್ಕೆ ಏನೂ ಬೇಡ. ಕೊಡುತ್ತಿದ್ದದ್ದನ್ನು ಕಿತ್ತುಕೊಂಡರೆ ಸಾಕು. ಹಳೆಯ ಲೋಕ ಅಂಗಡಿಯಲ್ಲಿ ಸಿಗುತ್ತಿದ್ದಾಗ ಅದು ಧೂಳು ತಿನ್ನುವ ಪೆಟ್ಟಿಗೆ. ಕಿತ್ತುಕೊಂಡ ಮೇಲೆ ಬಾಲ್ಯ, ಗೆಳೆತನ, ಕಳೆದುಹೋದ ಸ್ವರ್ಗ. ಯಾವ ಶಿಲ್ಪಿಯೂ ಕೆತ್ತಲಾರದ ಗೊಂಬೆ ಅದು. ಮೂರು ದಶಕ ಆಡಿಸಿ ಗಳಿಸಲಾಗದ ಪ್ರೀತಿಯನ್ನು ಅವರು ಒಂದೇ ಸಲ ಕೊಂದು ಗಳಿಸಿದರು.

2024ರ ಜನವರಿಯಲ್ಲಿ ಆಟ ಬಂದೇ ಬಂತು. ಮೊದಲು ಬಂದ ಸೈನ್ಯಗಳು ಯಾವುವು? ಬ್ರೆಟೋನಿಯಾ ಮತ್ತು ಖೆಮ್ರಿ, ಹಿಂದೆ ಮೊದಲು ಮನೆಯಿಂದ ಹೊರಹಾಕಿದ್ದ ಅವೇ ಎರಡು. ಎರಡೂ ಪೆಟ್ಟಿಗೆಗಳಲ್ಲಿ ಒಬ್ಬೊಬ್ಬ ಹೊಸ ಸೇನಾಪತಿ: ಒಬ್ಬ ರೆಕ್ಕೆಯ ಕುದುರೆ ಏರಿದವನು, ಇನ್ನೊಬ್ಬ ಎಲುಬಿನ ಡ್ರ್ಯಾಗನ್ ಏರಿದವನು. ಅವರ ಹಿಂದೆ ನಿಂತ ಪಡೆ ಮಾತ್ರ ಸುಮಾರು ಇಪ್ಪತ್ತು ವರ್ಷದ ಹಿಂದಿನ ಅಚ್ಚುಗಳಲ್ಲೇ ಎರಕವಾದದ್ದು. ಅಚ್ಚಿನ ಖರ್ಚು ಎಂದೋ ತೀರಿದೆ. ಪೆಟ್ಟಿಗೆಯ ಬೆಲೆ ನೂರೈವತ್ತು ಪೌಂಡಿಗೂ ಮೇಲೆ, ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿ ದಾಟುವಷ್ಟು. ಇದರಲ್ಲಿ ಮೂಲ ನಿಯಮಪುಸ್ತಕ ಸೇರಿತ್ತು ಎನ್ನಿ. ಆದರೆ ನಿಮ್ಮ ರಾಜ ಎಷ್ಟು ಬಲಶಾಲಿ, ಅವನ ಕತ್ತಿ ಎಷ್ಟು ಹರಿತ ಎಂಬುದು ಆ ಪುಸ್ತಕದಲ್ಲಿ ಇಲ್ಲ. ಅದಕ್ಕೆ ‘ಫೋರ್ಸಸ್ ಆಫ್ ಫ್ಯಾಂಟಸಿ’ ಅಥವಾ ‘ರ‍್ಯಾವೆನಿಂಗ್ ಹೋರ್ಡ್ಸ್’ ಎಂಬ ಎರಡನೆಯ ಪುಸ್ತಕ. ಅವನಿಗೊಬ್ಬ ವಿಶೇಷ ಸಾಮಂತ, ವಿಶೇಷ ದಂಡು, ವಿಶೇಷ ಮಂತ್ರ ಬೇಕಿದ್ದರೆ ‘ಆರ್ಕೇನ್ ಜರ್ನಲ್’ ಎಂಬ ಮೂರನೆಯದು. ನಮ್ಮ ಅಜ್ಜಿಕಥೆಗಳಲ್ಲಿ ರಾಕ್ಷಸನ ಪ್ರಾಣ ಗಿಳಿಯಲ್ಲಿ ಇರುತ್ತಿತ್ತು. ಇಲ್ಲಿ ಪ್ರಾಣ ಮೂರು ಸಂಪುಟಗಳಲ್ಲಿ.

ಹಳಬರು ಅಟ್ಟದಿಂದ ತಮ್ಮ ಹಳೆಯ ಸೈನ್ಯ ಇಳಿಸಿದರು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ, ನಮ್ಮ ಬಳಿ ಎಲ್ಲ ಇದೆ ಎಂಬ ಹುಮ್ಮಸ್ಸು. ಆಗ ಸಿಕ್ಕಿತು ಅಳತೆಯ ಪಟ್ಟಿ. ಸೈನಿಕನ ಕಾಲಡಿಯ ಬೇಸ್ ಹಿಂದೆ 20 ಮಿಲಿಮೀಟರ್ ಚೌಕ. ಇನ್ನು ಮುಂದೆ 25. ಓರ್ಕ್‌ಗಳಂಥವರದು 25, ಇನ್ನು 30. ಕುದುರೆ ಸವಾರನದು 25ಕ್ಕೆ 50. ಇನ್ನು 30ಕ್ಕೆ 60. ಸ್ವಾಮಿ, ಇದು ಪ್ರತಿಭೆಯಲ್ಲದೆ ಮತ್ತೇನು? ಚೌಕದಿಂದ ದುಂಡಗೆ ಮಾಡಿದಾಗ ಒಮ್ಮೆ ಕಿತ್ತು ಅಂಟಿಸಿದ್ದಾಯಿತು. ಚೌಕಕ್ಕೆ ಮರಳಿದರೆ ಐದು ಮಿಲಿಮೀಟರ್ ಕಡಿಮೆ. ಗಲ್ಲಿಗೊಬ್ಬನಂತೆ ಥ್ರೀಡಿ ಪ್ರಿಂಟರ್ ಇಟ್ಟುಕೊಂಡವರು ಐದು ಮಿಲಿಮೀಟರ್ ತುಂಬುವ ಅಂಚುಗಳನ್ನು ಮಾರಿ ಹೊಟ್ಟೆ ಹೊರೆದರು. ಗೆಳೆಯ ಇದನ್ನೆಲ್ಲ ವಿವರಿಸುತ್ತಿದ್ದಾಗ ತಾಯಿ ದಸರೆಗೆಂದು ಬೊಂಬೆಪೆಟ್ಟಿಗೆ ತೆಗೆದು ಒರೆಸುತ್ತಿದ್ದರು. ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. “ಇವಕ್ಕೆ ಐವತ್ತು ವರ್ಷ ಆಯ್ತು. ಪ್ರತಿ ವರ್ಷ ರೇಷ್ಮೆ ಸೀರೆ ಬದಲಾಯಿಸ್ತೀನಿ. ಕಾಲಡಿ ಮಣೆ ಸಾಲ್ದು ಅಂತ ಯಾವನೂ ಕಾಗದ ಬರೆದಿಲ್ಲಪ್ಪ” ಎಂದರು.

ಭಾರತದಲ್ಲಿ ಕೂತು ಈ ಯುದ್ಧ ಹೂಡುವವನಿಗೆ ಇನ್ನೊಬ್ಬ ಶತ್ರು ಇದ್ದಾನೆ. ಸ್ವದೇಶಿ ಆಟಿಕೆ ಉದ್ಯಮ ಉಳಿಯಲಿ ಎಂದು ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಉದ್ದೇಶ ಒಳ್ಳೆಯದೇ, ಚನ್ನಪಟ್ಟಣದ ಕುಶಲಕರ್ಮಿಗೆ ಎಲುಬಿನ ಡ್ರ್ಯಾಗನ್ ಪೈಪೋಟಿ ಒಡ್ಡುತ್ತದೆಯೇ ಎಂಬುದನ್ನು ತಜ್ಞರು ಹೇಳಬೇಕು. ಮೂವತ್ತೆಂಟು ವಯಸ್ಸಿನ ಮನುಷ್ಯ ಇದು ಆಟಿಕೆಯಲ್ಲ, ಗಂಭೀರ ಕಲೆ ಎಂದು ವಾದಿಸುವುದನ್ನು ನೋಡಬೇಕಾದರೆ ಪಾರ್ಸೆಲ್ ಬರುವ ದಿನ ಜೊತೆಗಿರಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದೇ ಆಗುತ್ತದೆ. ಹಾಗಾಗಿ ವಿದೇಶದಿಂದ ರಜೆಗೆ ಬರುವ ಭಾವಮೈದುನಂದಿರ ಚೀಲಗಳಿಗೆ ಈ ವಲಯದಲ್ಲಿ ಬಹಳ ಗೌರವ. ಅಕ್ಕನಿಗೆ ಸುಗಂಧ, ಮಕ್ಕಳಿಗೆ ಚಾಕೊಲೇಟು, ಸೀರೆಯ ಮಡಿಕೆಯಲ್ಲಿ ಇಪ್ಪತ್ತು ಬಿಲ್ಲುಗಾರರು.

ಇದನ್ನೆಲ್ಲ ಓದಿ ಕಂಪನಿಯನ್ನು ಖಳನಾಯಕ ಎಂದು ಯಾರೂ ಭಾವಿಸಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಅದು ಲಂಡನ್ ಷೇರುಪೇಟೆಯ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿತು. ಬ್ಯಾಂಕು, ತೈಲ, ಔಷಧಿಯ ದೈತ್ಯರ ಪಂಕ್ತಿಯಲ್ಲಿ ಗೊಂಬೆ ಮಾರುವವನಿಗೂ ಒಂದು ಎಲೆ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಆದಾಯ 61 ಕೋಟಿ ಪೌಂಡಿಗೂ ಮೇಲೆ, ತೆರಿಗೆಗೆ ಮುನ್ನ ಲಾಭ 26 ಕೋಟಿ ಪೌಂಡ್. ಇದರಲ್ಲಿ ಸಿಂಹಪಾಲು ಅವರ ಇನ್ನೊಂದು ಆಟ, ಆಕಾಶಯುದ್ಧದ ‘ವಾರ್‌ಹ್ಯಾಮರ್ 40,000’ದ್ದು, ಹಳೆಯ ಲೋಕದ್ದು ಕಿರುಕಾಣಿಕೆ. ಮಾರಿದ ಗೊಂಬೆಯ ಹಣದಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು, ಅದನ್ನು ಮಾಡುವ ಖರ್ಚು ಕಳೆದ ಮೇಲೂ ಕೈಯಲ್ಲೇ ಉಳಿಯುತ್ತದೆ. ಯಾರೂ ಯಾರ ಕುತ್ತಿಗೆ ಹಿಡಿದಿಲ್ಲ. ಕೊಳ್ಳುವವನು ಪೆದ್ದನೂ ಅಲ್ಲ. ಒಂದು ಗೊಂಬೆಗೆ ಎಷ್ಟು ಬಿತ್ತು ಎಂದು ಮೂರು ದಶಮಾಂಶದವರೆಗೆ ಭಾಗಿಸಿ, ಅನ್ಯಾಯ ಎಂದು ಕೂಗಿ, ಕೂಗುತ್ತಲೇ ಆನ್‌ಲೈನ್ ಸರದಿಯಲ್ಲಿ ನಿಲ್ಲುತ್ತಾನೆ. ಸರದಿ ಮುಂದಕ್ಕೆ ಹೋಗದಿದ್ದರೆ ಇನ್ನೂ ಜೋರಾಗಿ ಕೂಗುತ್ತಾನೆ: ಇಷ್ಟು ದುಬಾರಿ ವಸ್ತು ನನಗೆ ಸಿಗುವ ಮೊದಲೇ ಖಾಲಿಯಾಯಿತಲ್ಲ ಎಂದು.

ಬೇರೆ ದಾರಿ ಇಲ್ಲವೆಂದಲ್ಲ. ಅದೇ ನಾಟಿಂಗ್‌ಹ್ಯಾಮ್‌ನ ಮ್ಯಾಂಟಿಕ್ ಕಂಪನಿಯ ‘ಕಿಂಗ್ಸ್ ಆಫ್ ವಾರ್’ ಇದೆ, ಅಗ್ಗ, ಚುರುಕು. 2015ರ ಪ್ರಳಯದ ಮೇಲೆ ಅಭಿಮಾನಿಗಳೇ ಸೇರಿ ಬರೆದ ‘ನೈನ್ತ್ ಏಜ್’ ಇದೆ, ಬಿಟ್ಟಿ. ಮನೆಯಲ್ಲೇ ರೆಸಿನ್ ಪ್ರಿಂಟರ್ ಇಟ್ಟುಕೊಂಡು ಸೈನ್ಯ ಅಚ್ಚು ಹಾಕಿಕೊಳ್ಳುವವರಿದ್ದಾರೆ. ಗೆಳೆಯನಿಗೆ ಇವೆಲ್ಲ ಗೊತ್ತು. ಯಾಕೆ ಆಡುವುದಿಲ್ಲ ಎಂದು ಕೇಳಿದರೆ ಗೊಂಬೆಯ ನಯ, ಕಥೆಯ ಆಳ ಎಂದೆಲ್ಲ ಹೇಳಿದ. ಗೊಂಬೆಗಳು ನಯವಾಗಿವೆ ಎಂಬುದು ನಿಜ, ಆ ಕೆತ್ತನೆಗೆ ಸಾಟಿ ಕಡಿಮೆ. ಆದರೆ ನನಗೆ ಕಂಡದ್ದು ಬೇರೆ. ಅಗ್ಗದ ಆಟದಲ್ಲಿ ಗೊಣಗಲು ಏನಿದೆ? ಬೆಲೆಯೇರಿಕೆಯ ಸುದ್ದಿ ಬಂದ ದಿನ ಇವರ ಗುಂಪಿನಲ್ಲಿ ಇರುವ ಕಳೆ, ಆಟ ಆಡಿದ ದಿನ ಇರುವುದಿಲ್ಲ. ಹಾಗೆ ನೋಡಿದರೆ ಆಡುವುದೇ ಅಪರೂಪ. ನಾಲ್ಕು ಗಂಟೆ ಬಿಡುವಿರುವ ಇಬ್ಬರು ಮದುವೆಯಾದ ಗಂಡಸರು ಒಂದೇ ಭಾನುವಾರ ಒಂದೇ ಮೇಜಿಗೆ ಬರುವುದು ಎಂಡ್ ಟೈಮ್ಸ್‌ಗಿಂತ ಅಪೂರ್ವ ಘಟನೆ.

ಈಗ ಇನ್ನೊಂದು ಸುತ್ತು ಶುರುವಾಗಿದೆ. 2025ರಲ್ಲಿ ಗ್ರ್ಯಾಂಡ್ ಕ್ಯಾಥೆ ಎಂಬ ಹೊಚ್ಚಹೊಸ ಸೈನ್ಯ ಬಂತು. ದಶಕಗಟ್ಟಲೆ ನಕ್ಷೆಯ ಮೂಲೆಯಲ್ಲಿ ಬರೀ ಹೆಸರಾಗಿದ್ದ ನಾಡು ಅದು, 2022ರ ಕಂಪ್ಯೂಟರ್ ಆಟದಲ್ಲಿ ಮೈತಳೆದು, ಅಲ್ಲಿ ಗೆದ್ದ ಮೇಲೆ ಪ್ಲಾಸ್ಟಿಕ್ಕಿಗೆ ಇಳಿಯಿತು. ಇತ್ತ ಹಳೆಯ ಏಳು ಸೈನ್ಯಗಳಿಗೆ ಆಟ ಬಂದ ಹೊತ್ತಿಗೇ ಒಂದೊಂದು ಉಚಿತ ಪಿಡಿಎಫ್ ಕೊಟ್ಟು, ಮುಂದೆ ನಮ್ಮಿಂದ ಏನೂ ನಿರೀಕ್ಷಿಸಬೇಡಿ ಎಂದು ಬಾಗಿಲವರೆಗೆ ಬಿಟ್ಟುಬಂದಿದ್ದರು. ಇಲಿಮನುಷ್ಯರು, ಹಲ್ಲಿಮನುಷ್ಯರು, ರಕ್ತಪಿಶಾಚಿಗಳು, ಭೂತಗಳು, ಓಗರ್‌ಗಳು, ಕೇಡಿನ ಕುಳ್ಳರು, ಡಾರ್ಕ್ ಎಲ್ಫ್‌ಗಳು. ಗೆಳೆಯನ ಬಳಿ ಇರುವುದು ಹಲ್ಲಿಮನುಷ್ಯರ ಪಡೆ. ಮಾರಿಬಿಡು ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. “ಬರಲ್ಲ ಅಂತ ಅವರೇ ಹೇಳಿದಾರೆ. ಅಂದ್ಮೇಲೆ ಬಂದೇ ಬರುತ್ತೆ.”

ಆ ಕ್ಯಾಮೆರಾ ಮುಂದೆ ಡಾರ್ಕ್ ಎಲ್ಫ್‌ಗಳನ್ನು ಸುಟ್ಟವನ ಕಥೆ ನೆನಪಿಸಿದೆ. ಒಂಬತ್ತು ವರ್ಷ ಇಟ್ಟುಕೊಂಡಿದ್ದರೂ ಅವನಿಗೆ ಸಿಗುತ್ತಿದ್ದದ್ದು ಒಂದು ಪಿಡಿಎಫ್. ಬೇಸ್ ಬದಲಿಸುವ ಖರ್ಚಿಲ್ಲ, ಮೂರು ಪುಸ್ತಕ ಕೊಳ್ಳುವ ಖರ್ಚಿಲ್ಲ, ಒಂದು ಬೆಂಕಿಕಡ್ಡಿಯಲ್ಲಿ ಪಾರಾದ. ಇಡೀ ವಾರ್‌ಹ್ಯಾಮರ್ ಇತಿಹಾಸದಲ್ಲಿ ಲೆಕ್ಕ ಗೊತ್ತಿದ್ದವನು ಅವನೊಬ್ಬನೇ ಕಣೋ ಎಂದೆ.

ಗೆಳೆಯ ಕುಂಚವನ್ನು ನೀರಿನಲ್ಲಿ ಅದ್ದಿ, “ಪಾಪ, ಅವನೂ ಮತ್ತೆ ತಗೊಂಡಿರ್ತಾನೆ ಬಿಡು” ಎಂದ.